ಬೀಳು ನೆಲದ ನಿಘಂಟು

ಕಂದಾಯದ ಕಾಗದಪತ್ರಗಳ ಭಾಷೆ ಮಿತವಾದುದು. ಅಲ್ಲಿ ಅಲಂಕಾರಕ್ಕೆ ಎಡೆಯಿಲ್ಲ. ಆದರೂ ಒಮ್ಮೊಮ್ಮೆ ಒಂದೇ ಶಬ್ದದಲ್ಲಿ ಅದು ಒಂದು ಮನೆತನದ ಚರಿತ್ರೆಯನ್ನು ಹೇಳಿಬಿಡುತ್ತದೆ. ಪಹಣಿಯಲ್ಲಿ ರಾಗಿ, ಜೋಳ, ಸಜ್ಜೆ, ಶೇಂಗಾ ಎಂದಿರಬೇಕಾದ ಕಡೆ ‘ಬೀಳು’ ಎಂಬ ಎರಡಕ್ಷರ ಕಂಡಿತೆಂದರೆ, ಆ ಹೊಲದ ಒಡೆಯನ ಮಕ್ಕಳು ಊರಿನಲ್ಲಿ ಇಲ್ಲವೆಂದೋ, ಕೊಳವೆಬಾವಿ ಬತ್ತಿಹೋಯಿತೆಂದೋ, ಎತ್ತುಗಳು ಕೊಟ್ಟಿಗೆಯಿಂದ ಸಂತೆಗೆ ನಡೆದವೆಂದೋ ಬಲ್ಲವರು ಊಹಿಸಿಕೊಳ್ಳುವರು. ಬೀಳು ಎಂದರೆ ಬಿದ್ದುದು, ಕೈಬಿಟ್ಟುದು. ನಿಜವಾಗಿ ನೋಡಿದರೆ ನೆಲವು ಬೀಳುವುದಿಲ್ಲ. ಅದನ್ನು ಹಿಡಿದಿದ್ದ ಕೈ ಸಡಿಲುತ್ತದೆ, ಅಷ್ಟೆ. ಕೈ ಸಡಿಲಿದ ಮರುಮಳೆಗೇ ನೆಲವು ತನ್ನ ಹಳೆಯ ಬಾಳನ್ನು ಮತ್ತೆ ಹೂಡಲು ಹವಣಿಸುತ್ತದೆ. ಆ ಹವಣಿಕೆಗೆ ಮನುಷ್ಯನು ನೆರವಾಗುವನೋ ಅಡ್ಡಿಯಾಗುವನೋ ಎಂಬುದೊಂದು ಪ್ರಶ್ನೆ. ಆ ನೆಲದೊಡನೆ ಬೆಳೆದು ಬಂದ ತಿಳಿವಳಿಕೆಗೆ ಶಾಲೆಯು ನೆರವಾಗುವುದೋ ಅಡ್ಡಿಯಾಗುವುದೋ ಎಂಬುದು ಮತ್ತೊಂದು. ಇವೆರಡೂ ಬೇರೆಬೇರೆಯೆಂದು ತೋರಿದರೂ ಮೂಲದಲ್ಲಿ ಒಂದೇ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸೀಮೆ ಮಳೆಯನ್ನು ಎಣಿಸಿಕೊಂಡು ಬಾಳುವ ಸೀಮೆ. ಹಿರಿಯೂರಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಹರಿದ ಬಳಿಕ ಮತ್ತೆ ಕೋಡಿ ಹರಿಯಲು 2022ರವರೆಗೆ ಕಾಯಬೇಕಾಯಿತೆಂಬ ಒಂದು ಸಂಗತಿಯೇ ಈ ನೆಲದ ಸ್ವಭಾವವನ್ನು ತಿಳಿಸುತ್ತದೆ. ಎಂಬತ್ತೊಂಬತ್ತು ವರ್ಷವೆಂದರೆ ಮೂರು ತಲೆಮಾರು. ಹೊಳಲ್ಕೆರೆಯ ಕಡೆ ಅಡಿಕೆ, ಹೊಸದುರ್ಗದ ಕಡೆ ತೆಂಗು, ಹಿರಿಯೂರಿನ ನಾಲೆಯ ಬಯಲಿನಲ್ಲಿ ಹಸುರು ಇವೆಯಾದರೂ, ಮಿಕ್ಕ ಬಹುಪಾಲು ಮಳೆಯನ್ನೇ ನಂಬಿದ ಕೆಂಪು ಹೊಲ, ಕಪ್ಪು ಎರೆ, ಕಲ್ಲುಮರಡಿ. 2010ರ ದಶಕದ ಬರಗಾಲಗಳಲ್ಲಿ ಕೊಳವೆಬಾವಿಗಳು ಕೈಕೊಟ್ಟು ತೆಂಗಿನ ತೋಟಗಳು ಸುಳಿ ಒಣಗಿ ನಿಂತುದನ್ನು ಕಂಡವರು ಇನ್ನೂ ಮರೆತಿಲ್ಲ. ಆ ತೋಟಗಳಲ್ಲಿ ಕೆಲವನ್ನು ಮತ್ತೆ ಕಟ್ಟಲಾಯಿತು, ಕೆಲವು ಬೀಳುಬಿದ್ದವು. ಒಡೆಯರು ಬೆಂಗಳೂರಿನಲ್ಲಿ ನೆಲಸಿದ ಮನೆಗಳಲ್ಲಂತೂ ಹೊಲವು ಯುಗಾದಿಗೊಮ್ಮೆ ನೆನಪಾಗುವ ವಸ್ತುವಾಗಿದೆ.

ಹೀಗೆ ಬಿಟ್ಟ ಹೊಲದ ಮುಂದೆ ಎರಡು ದಾರಿಗಳಿವೆ. ಮೊದಲನೆಯದು ಬಳ್ಳಾರಿ ಜಾಲಿಯ ದಾರಿ. ಹತ್ತೊಂಬತ್ತನೆಯ ಶತಮಾನದ ಎಪ್ಪತ್ತರ ದಶಕದಲ್ಲಿ ಅಮೆರಿಕ ಖಂಡದಿಂದ ಕಡಪ ಸೀಮೆಗೆ ಸೌದೆಯ ಆಸೆಗಾಗಿ ತರಿಸಲಾದ ಈ ಮರ, ಕರೆದವರ ಮನೆಯನ್ನೇ ಹಿಡಿದುಕೊಂಡ ಅತಿಥಿಯಂತೆ, ಕೆರೆಯಂಗಳ, ಹಳ್ಳದ ದಂಡೆ, ಬೀಳು ಹೊಲ ಎಲ್ಲವನ್ನೂ ವ್ಯಾಪಿಸಿತು. ಅದರ ಸಿಹಿಕಾಯಿಯನ್ನು ದನಕುರಿಗಳು ತಿಂದು ಹೋದಲ್ಲೆಲ್ಲ ಬೀಜ ಬಿತ್ತುತ್ತವೆ. ಅದರ ಅಡಿಯಲ್ಲಿ ಹುಲ್ಲು ಸೊರಗುತ್ತದೆ. ಬಡವನ ಒಲೆಗೆ ಅದು ಸೌದೆಯನ್ನು ಒದಗಿಸಿತೆಂಬುದನ್ನು ಮರೆಯಲಾಗದು. ಆದರೆ ಇತರ ಗಿಡಗಳಿಗೆ ಅದು ಎಡೆಗೊಡದೆಂಬುದೂ ಅಷ್ಟೇ ದಿಟ. ನೀಲಗಿರಿಯ ಕಥೆಯೂ ಇದಕ್ಕೆ ಹತ್ತಿರದ್ದೇ. ಅಂತರ್ಜಲದ ಹಿತಕ್ಕಾಗಿ ಅದನ್ನು ನೆಡದಂತೆ ರಾಜ್ಯ ಸರ್ಕಾರವು 2017ರಲ್ಲಿ ನಿಷೇಧಿಸಬೇಕಾಯಿತು.

ಎರಡನೆಯದು ನಿಧಾನದ ದಾರಿ. ಹೊಲವನ್ನು ನಾಲ್ಕಾರು ವರ್ಷ ಕಾದುಕೊಂಡು, ಬಳ್ಳಾರಿ ಜಾಲಿಯ ಎಳೆಯ ಸಸಿಗಳನ್ನು ಮಳೆಗೆ ನೆಲ ಮೆತ್ತಗಾದಾಗ ಬೇರುಸಹಿತ ಕಿತ್ತುಹಾಕಿದರೆ, ಮೊದಲು ಗರಿಕೆ ಮತ್ತು ಬಾದೆಹುಲ್ಲು ಬರುತ್ತವೆ. ಹಿಂದೆಯೇ ತುಂಬೆ, ಉತ್ತರಾಣಿ, ಹಳದಿ ಹೂವಿನ ತಂಗಡಿ, ಬಂದರಿಕೆ ಕಾಣಿಸಿಕೊಳ್ಳುತ್ತವೆ. ನೇಗಿಲ ಬಾಯಿಗೆ ಸಿಕ್ಕದೆ ಬದುವಿನಲ್ಲಿ ಬೇರುಳಿಸಿಕೊಂಡಿದ್ದ ತುಗ್ಗಲಿ ಮೋಟಿನಿಂದ ಚಿಗುರುತ್ತದೆ. ಎಲಚಿಯ ಪೊದೆ ಹಬ್ಬುತ್ತದೆ. ಆ ಪೊದೆಯ ಮೇಲೆ ಕುಳಿತ ಹಕ್ಕಿ ಬೇವಿನ ಬೀಜವನ್ನು ಉದುರಿಸುತ್ತದೆ. ಮುಳ್ಳಿನ ನಡುವೆ ಮೊಳೆತ ಬೇವಿನ ಸಸಿಗೆ ಮೇಕೆಯ ಬಾಯಿ ಎಟುಕದು. ಹೀಗೆ ಮುಳ್ಳೇ ಮರಕ್ಕೆ ದಾದಿಯಾಗುತ್ತದೆ. ಆದುದರಿಂದ ಹಾಳು ಹೊಲವನ್ನು ‘ಸ್ವಚ್ಛ’ಗೊಳಿಸುವ ಉತ್ಸಾಹದಲ್ಲಿ ಎಲ್ಲ ಮುಳ್ಳನ್ನೂ ಸವರಿ, ಗುಣಿ ತೋಡಿ, ಸಾಲಾಗಿ ಸಸಿ ನೆಡುವವರು ತಾವು ಅರಿಯದೆಯೇ ದಾದಿಯನ್ನು ಹೊರಗಟ್ಟಿ ಕೂಸನ್ನು ಬಿಸಿಲಿಗೆ ಮಲಗಿಸುತ್ತಾರೆ.

ಕುರುಚಲು ಕಾಡೆಂದರೆ ಕೆಟ್ಟ ಕಾಡು ಎಂಬ ಭಾವನೆಯೂ ತಿದ್ದಿಕೊಳ್ಳಬೇಕಾದುದು. ಹಿರಿಯೂರಿಗೆ ನೆರೆಯಾದ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡು ಹೆಮ್ಮರಗಳ ಕಾಡಲ್ಲ. ಹುಲ್ಲು, ಮುಳ್ಳು, ಬಿಡಿಮರಗಳ ಕಾಡು. ಚಿಂಕಾರವೆಂಬ ಹುಲ್ಲೆಗೆ ಬೇಕಾದುದು ಅಂಥ ಬಯಲೇ. ಅದಕ್ಕಾಗಿ ಅದು 2019ರಲ್ಲಿ ವನ್ಯಧಾಮವೆಂದು ಘೋಷಿತವಾಯಿತು. ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿಯಲ್ಲಿಯೂ ಮಲೆನಾಡಿನ ಕತ್ತಲೆಗಾಡನ್ನು ಹುಡುಕುವವನಿಗೆ ನಿರಾಶೆಯೇ ಗತಿ. ಕಮರ, ದಿಂಡಿಗ, ತುಗ್ಗಲಿ, ಮುತ್ತುಗ, ಕಕ್ಕೆ ಮುಂತಾದ ಬಯಲುಸೀಮೆಯ ಮರಗಳನ್ನು ಬಲ್ಲವನಿಗೆ ಅಂಥ ಕಾಡು ತುಂಬಿದ ಭಂಡಾರ.

ಬಲ್ಲವನಿಗೆ ಎಂಬ ಮಾತಿನಲ್ಲಿಯೇ ವಿಷಯದ ತಿರುಳಿದೆ. ಸಾಂಪ್ರದಾಯಿಕ ಪಾಠಶಾಲೆಗಳಲ್ಲಿ ಓದಿದ ವಿದ್ವಾಂಸರು ಅಮರಕೋಶದ ಎರಡನೆಯ ಕಾಂಡದ ವನೌಷಧಿವರ್ಗವನ್ನು ಕಂಠಸ್ಥ ಮಾಡುತ್ತಿದ್ದರು. ಆರಗ್ವಧವೆಂದರೆ ಕಕ್ಕೆ, ಶಮಿಯೆಂದರೆ ಬನ್ನಿ, ಬದರಿಯೆಂದರೆ ಎಲಚಿ, ಅಪಾಮಾರ್ಗವೆಂದರೆ ಉತ್ತರಾಣಿ, ನಿರ್ಗುಂಡಿಯೆಂದರೆ ಲಕ್ಕಿ ಎಂದು ಅರ್ಥ ಹೇಳುವುದು ಅವರಿಗೆ ಸಲೀಸು. ಆದರೆ ಅರ್ಥ ಹೇಳಿದವರೆಲ್ಲರೂ ಗಿಡವನ್ನು ಗುರುತಿಸಬಲ್ಲವರಾಗಿರಲಿಲ್ಲ. ಇತ್ತ ಹಟ್ಟಿಯ ಅಜ್ಜನಿಗೆ ಆರಗ್ವಧವೆಂಬ ಶಬ್ದವೇ ತಿಳಿಯದು. ಕಕ್ಕೆಕಾಯಿಯ ಕಪ್ಪು ತಿರುಳು ಯಾವ ವಯಸ್ಸಿನವರ ಹೊಟ್ಟೆಗೆ ಎಷ್ಟು ಸಾಕೆಂಬುದು ತಿಳಿದಿತ್ತು. ಶಬ್ದವು ಒಬ್ಬನ ಬಳಿ, ವಸ್ತುವು ಇನ್ನೊಬ್ಬನ ಬಳಿ. ಇಬ್ಬರೂ ಒಂದೇ ಸಂತೆಗೆ ಹೋಗಿ ಬರುತ್ತಿದ್ದರೂ ಒಬ್ಬರನ್ನೊಬ್ಬರು ಕೇಳಲಿಲ್ಲ. ಕಿಟ್ಟೆಲರ 1894ರ ನಿಘಂಟಿನಲ್ಲಿ ಗಿಡಮರಗಳ ಹೆಸರುಗಳು ದಂಡಿಯಾಗಿ ಸೇರಿವೆ. ಸಸ್ಯವಿಜ್ಞಾನಿ ಬಿ. ಜಿ. ಎಲ್. ಸ್ವಾಮಿಯವರು ‘ಹಸುರು ಹೊನ್ನು’ ಗ್ರಂಥದಲ್ಲಿ ಶಬ್ದವನ್ನೂ ವಸ್ತುವನ್ನೂ ಒಂದೆಡೆ ತಂದು ಕೂರಿಸಿ ಕನ್ನಡಿಗರಿಗೆ ಉಪಕಾರ ಮಾಡಿದರು. ಆದರೆ ಪುಸ್ತಕವು ಕಪಾಟಿನಲ್ಲಿದ್ದು ಗಿಡವು ಬಯಲಿನಲ್ಲಿ ಇಲ್ಲವಾದರೆ ಹೆಸರು ಎಷ್ಟು ಕಾಲ ಬದುಕೀತು?

ಹೆಸರೊಂದು ಸತ್ತರೆ ನಷ್ಟವೇನೆಂದು ಕೇಳುವವರಿಗೆ ಕಾಡುಗೊಲ್ಲರ ಬಾಳಿನಲ್ಲಿ ಉತ್ತರವುಂಟು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಳ್ಳಕೆರೆಗಳ ಬಯಲಿನಲ್ಲಿ ಚೆದರಿರುವ ಅವರ ಹಟ್ಟಿಗಳು ಮೊದಲಿನಿಂದಲೂ ಕಳ್ಳೆಯ ಬೇಲಿಯೊಳಗಿನ ವಸತಿಗಳು. ಚಳ್ಳಕೆರೆ ತಾಲ್ಲೂಕಿನ ಪುರ್ಲಹಳ್ಳಿಯ ಬಳಿ ನಡೆಯುವ ಕ್ಯಾತೇದೇವರ ಜಾತ್ರೆಯಲ್ಲಿ ದೇವರ ಗುಡಿಯನ್ನು ಕಟ್ಟುವುದು ಕಲ್ಲಿನಿಂದಲ್ಲ, ಬಾರೆಯ ಮುಳ್ಳಿನಿಂದ. ಈ ಸೀಮೆಯವರು ಎಲಚಿಯನ್ನೇ ಬಾರೆಯೆನ್ನುವರು. ಹರಕೆ ಹೊತ್ತವರು ಬರಿಗಾಲಿನಲ್ಲಿ ಆ ಮುಳ್ಳುಗುಡಿಯನ್ನೇರಿ ಕಳಸವನ್ನು ಇಳಿಸುವುದನ್ನು ಸಹಸ್ರಾರು ಜನ ನೆರೆದು ನೋಡುತ್ತಾರೆ. ಬಾರೆಯ ಪೊದೆಗಳೆಲ್ಲ ಯಂತ್ರದ ಬಾಯಿಗೆ ಬಿದ್ದು ಬಯಲು ಬರಿದಾದ ದಿನ ಆ ದೇವರಿಗೆ ಗುಡಿಯೆಲ್ಲಿಯದು? ಸಿಮೆಂಟಿನ ಗುಡಿ ಎದ್ದೀತು. ಏರುವವನ ಕಾಲಿಗೆ ಪರೀಕ್ಷೆ ಉಳಿಯದು. ಜುಂಜಪ್ಪನ ಕಾವ್ಯಕ್ಕೆ ಉಸಿರಾದ ಗಣೆಯೆಂಬ ಕೊಳಲಿಗೆ ಬಿದಿರು ಬೇಕು. ಮ್ಯಾಸನಾಯಕರ ದೇವರ ಎತ್ತುಗಳು ನೊಗ ಹೊರುವುದಿಲ್ಲ; ಅವುಗಳ ಹಿಂದೆ ನಡೆಯುವ ಕಿಲಾರಿಗೆ ಹುಲ್ಲಿನ ಕಾವಲು ಬೇಕು. 2010ರ ಆಸುಪಾಸಿನ ವರ್ಷಗಳಲ್ಲಿ ಚಳ್ಳಕೆರೆಯ ಅಮೃತಮಹಲ್ ಕಾವಲುಗಳಲ್ಲಿ ಒಂಬತ್ತು ಸಾವಿರ ಎಕರೆಗೂ ಮಿಕ್ಕಿ ನೆಲವು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳು ಮುಂತಾದವುಗಳಿಗೆ ಸಂದಿತು. ರಾಷ್ಟ್ರಕ್ಕೆ ಅದರ ಪ್ರಯೋಜನವೇನೆಂಬುದು ಬೇರೆಯ ವಿಚಾರ. ಕಿಲಾರಿಯ ಪಾಲಿಗೆ ಮಾತ್ರ ದಾರಿಯಲ್ಲೊಂದು ಗೋಡೆ ಎದ್ದಿತು. ಅಂದಮೇಲೆ ಗೋಮಾಳ, ಗುಂಡುತೋಪು, ಬೀಳು ಹೊಲ ಎಂದು ಉಳಿದಿರುವ ತುಣುಕುಗಳ ಬೆಲೆ ಹೆಚ್ಚಿತೇ ಹೊರತು ಕುಗ್ಗಲಿಲ್ಲ.

ಇಂಥ ಹಟ್ಟಿಯಿಂದ ಬಾಲಕನೊಬ್ಬನು ವಿದ್ಯಾರ್ಥಿನಿಲಯಕ್ಕೆ ಬರುತ್ತಾನೆಂದು ಭಾವಿಸಬೇಕು. ಪ್ರತಿವರ್ಷವೂ ಜೂನ್ ತಿಂಗಳಲ್ಲಿ ಅಂಥ ಮಕ್ಕಳು ತಗಡಿನ ಪೆಟ್ಟಿಗೆಯೊಡನೆ ಬಂದೇ ಬರುತ್ತಾರೆ. ಯಾವ ಸೊಪ್ಪನ್ನು ಮೇಕೆ ಮುಟ್ಟುವುದಿಲ್ಲ, ಯಾವ ಹೂವಿಗೆ ಜೇನು ಮೊದಲು ಬರುತ್ತದೆ, ಕವಳೆ ಹಣ್ಣಾಗುವ ಹೊತ್ತಿಗೆ ಯಾವ ಮಳೆ ಹುಟ್ಟುತ್ತದೆ ಎಂಬುದೆಲ್ಲ ಅವನಿಗೆ ಗೊತ್ತು. ಆ ಯಾವುದನ್ನೂ ಶಾಲೆಯಲ್ಲಿ ಯಾರೂ ಕೇಳುವುದಿಲ್ಲ. ಅವನಿಗೆ ಗೊತ್ತಿಲ್ಲದುದನ್ನೇ ಬೆಳಗಿನಿಂದ ಸಂಜೆಯವರೆಗೆ ಕೇಳಲಾಗುತ್ತದೆ. ಉತ್ತರ ಬಾರದಾಗ ತಲೆತಗ್ಗಿಸುವುದನ್ನು ಅವನು ಮೊದಲು ಕಲಿಯುತ್ತಾನೆ, ಅಕ್ಷರವನ್ನು ಆಮೇಲೆ. ಹತ್ತನೆಯ ತರಗತಿಯಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿ ಊರಿಗೆ ಹೋದಾಗ ಎಳೆಯ ತಂಗಿಯೊಬ್ಬಳು ಬದುವಿನ ಗಿಡವನ್ನು ತೋರಿಸಿ, “ಅಣ್ಣಾ, ಇದ್ಯಾವ ಗಿಡ?” ಎಂದರೆ, “ಯಾವುದೋ ಕಾಡುಗಿಡ” ಎಂದು ಮುಂದೆ ನಡೆಯುತ್ತಾನೆ. ಹತ್ತು ವರ್ಷ ಕಲಿಸಿದುದರ ಲೆಕ್ಕವು ವಾರ್ಷಿಕ ವರದಿಗಳಲ್ಲಿ ದೊರೆಯುತ್ತದೆ. ಮರೆಯಿಸಿದುದರ ಲೆಕ್ಕವು ಯಾವ ವರದಿಯಲ್ಲಿಯೂ ಇಲ್ಲ. ಇದು ಯಾವುದೇ ಒಂದು ಶಾಲೆಯ ದೋಷವಲ್ಲ. ಅನ್ನ, ಅಕ್ಷರ, ಆಶ್ರಯಗಳನ್ನು ನೀಡಿ ಬಡಮಕ್ಕಳನ್ನು ಮೇಲೆತ್ತಿದ ಸಂಸ್ಥೆಗಳ ಉಪಕಾರ ದೊಡ್ಡದು. ಉಪಕಾರ ದೊಡ್ಡದಾಗಿರುವುದರಿಂದಲೇ ಈ ಕೊರತೆಯನ್ನು ಅವು ತುಂಬಿಕೊಳ್ಳಬಲ್ಲವು.

ಬಯಲಿನ ತಿಳಿವಳಿಕೆಯನ್ನು ವಿದ್ಯೆಯೆಂದು ಮನ್ನಿಸುವುದು ಶರಣಪರಂಪರೆಗೆ ಹೊಸದಲ್ಲ. ದನ ಕಾಯುವ ತುರುಗಾಹಿ ರಾಮಣ್ಣ, ಕುರಿ ಕಾಯುವ ವೀರಗೊಲ್ಲಾಳ, ಮದ್ದು ಬಲ್ಲ ವೈದ್ಯ ಸಂಗಣ್ಣ ಇವರೆಲ್ಲರನ್ನೂ ಅದು ಪಂಡಿತರೊಡನೆ ಸಮಾನವಾಗಿ ನೆನೆಯುತ್ತದೆ. ತಮ್ಮ ಕಾಯಕದ ಮಾತನ್ನೇ ಅನುಭಾವದ ಮಾತಾಗಿಸಿದವರು ಅವರು. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಅನಾಥ ಸೇವಾಶ್ರಮವನ್ನು ಕಟ್ಟಿದ, ‘ತಿರುಕ’ ಎಂಬ ಕಾವ್ಯನಾಮದ ಶ್ರೀ ರಾಘವೇಂದ್ರ ಸ್ವಾಮಿಗಳು ಯೋಗ, ಆಯುರ್ವೇದ, ಶಾಲೆ ಈ ಮೂರನ್ನೂ ಒಂದೇ ಅಂಗಳದಲ್ಲಿ ನಿಲ್ಲಿಸಿದರು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ 1997ರಲ್ಲಿ ಹೊರಟ ಶಿವಸಂಚಾರವು ನಾಟಕವನ್ನು ಊರೂರಿಗೆ ಒಯ್ದಿತು. ಒಂದು ಚಿಕ್ಕ ಹಳ್ಳಿಯ ಮಠವು ಮನಸ್ಸು ಮಾಡಿದರೆ ಕಲೆಯೊಂದಕ್ಕೆ ಎಂಥ ಆಸರೆಯಾಗಬಲ್ಲುದೆಂಬುದಕ್ಕೆ ಅದು ನಿದರ್ಶನ. ರಂಗಕ್ಕೆ ದೊರೆತ ಆಸರೆ ಹುಲ್ಲಿಗೂ ಬಾರೆಗೂ ಏಕೆ ದೊರೆಯಬಾರದು?

ದೊರೆತ ಕಡೆಗಳಲ್ಲಿ ಫಲವೂ ಕಂಡಿದೆ. ಚಿತ್ರದುರ್ಗಕ್ಕೆ ಹೆಚ್ಚು ದೂರವಲ್ಲದ ಅನಂತಪುರ ಸೀಮೆಯ ಚೆನ್ನೆಕೊತ್ತಪಲ್ಲಿಯಲ್ಲಿ 1990ರಲ್ಲಿ ಕೆಲವರು 32 ಎಕರೆ ಬರಡು ನೆಲವನ್ನು ಕೊಂಡು ತಿಂಬಕ್ಟು ಎಂದು ಹೆಸರಿಟ್ಟರು. ನೆಟ್ಟು ಬೆಳೆಸಿದುದಕ್ಕಿಂತ ಕಾದು ಬೆಳೆಸಿದುದೇ ಅಲ್ಲಿ ಹೆಚ್ಚು. ಬೆಂಕಿ ಬೀಳದಂತೆ, ಕೊಡಲಿ ತಾಗದಂತೆ ನೋಡಿಕೊಂಡುದರಿಂದ ಗುಡ್ಡವು ತನ್ನ ಗಿಡಗಳನ್ನು ತಾನೇ ಎಬ್ಬಿಸಿತು. ಅದರ ಜೊತೆಯಲ್ಲಿಯೇ ಮಕ್ಕಳ ಶಾಲೆಯೂ ಬೆಳೆಯಿತು. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನರು 1981ರಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಸೋಲಿಗರ ಮಕ್ಕಳಿಗೆ ಶಾಲೆಯನ್ನೂ ಅವರ ಹಾಡು, ಮದ್ದುಗಳಿಗೆ ಮನ್ನಣೆಯನ್ನೂ ಒಟ್ಟಿಗೆ ತಂದಿತು. ಮಳೆ, ಮಣ್ಣು, ಮಾತು ಬೇರೆಯಾದರೂ ಎರಡೂ ಕಡೆಯ ನೀತಿ ಒಂದೇ: ನೆಲವನ್ನೂ ಮಗುವನ್ನೂ ಬರಿದೆಂದು ತಿಳಿದು ತುಂಬಲು ಹೊರಡಬಾರದು; ಅದರಲ್ಲಿ ಮೊದಲೇ ಏನಿದೆಯೆಂದು ನೋಡಬೇಕು.

ಆಕ್ಷೇಪಗಳಿಲ್ಲವೆಂದಲ್ಲ. ಬೇಲಿ ಹಾಕಿದ ಬೀಳಿನಿಂದ ಮೊದಲು ನೋಯುವವನು ಪಕ್ಕದ ಕುರಿಗಾಹಿ. ಅವನಿಗೆ ಹುಲ್ಲನ್ನು ಕೊಯ್ದೊಯ್ಯುವ ಹಕ್ಕನ್ನಾದರೂ, ಸಸಿಗಳು ಎತ್ತರಕ್ಕೆ ಬಂದ ಮೇಲೆ ಮಂದೆಯನ್ನು ಬಿಡುವ ಸರದಿಯನ್ನಾದರೂ ಕೊಡದೆ ಹೋದರೆ, ಒಂದು ಗಿಡವನ್ನು ಉಳಿಸಲು ಒಬ್ಬ ಮನುಷ್ಯನನ್ನು ಕಳೆದುಕೊಂಡಂತೆ. ಪೊದೆ ಬೆಳೆದರೆ ಹಂದಿ, ಕರಡಿ ಬರುತ್ತವೆಂಬ ನೆರೆಹೊಲದವನ ಅಂಜಿಕೆಯೂ ಹುಸಿಯಲ್ಲ. ಆದಕಾರಣ ಊರೊಟ್ಟಿನ ಬೆಳೆಯ ನಡುವೆ ಬೇಡ, ಗೋಮಾಳಕ್ಕೋ ಮರಡಿಗೋ ಅಂಟಿದ ಅಂಚಿನ ಹೊಲವೇ ಈ ಕೆಲಸಕ್ಕೆ ತಕ್ಕುದು.

ಇದಕ್ಕಿಂತ ಸೂಕ್ಷ್ಮವಾದ ಆಕ್ಷೇಪವೊಂದಿದೆ. ಹಟ್ಟಿಯ ಸಂಸ್ಕೃತಿಯನ್ನು ಕಲಿಸುವುದೆಂದರೆ ಹಟ್ಟಿಯ ಎಲ್ಲ ರೂಢಿಗಳನ್ನೂ ಹೊಗಳುವುದೇ? ಮುಟ್ಟಾದ ಹೆಣ್ಣುಮಕ್ಕಳನ್ನೂ, ಹಸುಗೂಸಿನೊಡನೆ ಬಾಣಂತಿಯನ್ನೂ ಊರ ಹೊರಗಿನ ಗುಡಿಸಲಿನಲ್ಲಿ ಮಳೆಗಾಳಿಗೆ ಇರಿಸುವ ರೂಢಿ ಈ ಸೀಮೆಯ ಕೆಲವು ಹಟ್ಟಿಗಳಲ್ಲಿ ಇನ್ನೂ ಪೂರ್ತಿಯಾಗಿ ಅಳಿದಿಲ್ಲ. ಕರ್ನಾಟಕವು 2017ರಲ್ಲಿ ತಂದ ಅಮಾನವೀಯ ದುಷ್ಟಪದ್ಧತಿಗಳ ವಿರುದ್ಧದ ಕಾಯಿದೆಯಲ್ಲಿ ಇಂಥ ಬಹಿಷ್ಕಾರವನ್ನೂ ಸೇರಿಸಿದುದು ಯೋಗ್ಯವೇ ಆಯಿತು. ಹೊಲದಲ್ಲಿ ಬಳ್ಳಾರಿ ಜಾಲಿಯನ್ನು ಕಿತ್ತು ತುಗ್ಗಲಿಯನ್ನು ಉಳಿಸುವ ವಿವೇಕವೇ ಸಂಪ್ರದಾಯದಲ್ಲಿಯೂ ಬೇಕು. ಆದರೆ ಏನನ್ನು ಕೀಳಬೇಕು, ಏನನ್ನು ಉಳಿಸಬೇಕೆಂಬುದನ್ನು ಹೊರಗಿನವರು ನಿಂತು ಅಪ್ಪಣೆ ಕೊಡಿಸುವುದಕ್ಕಿಂತ ಹಟ್ಟಿಯಲ್ಲೇ ಹುಟ್ಟಿ ಓದಿದ ಹೆಣ್ಣುಮಗಳು ನುಡಿದರೆ ಆ ಮಾತಿಗೆ ಬೇರಿರುತ್ತದೆ. ಅಂಥ ಮಗಳು ತನ್ನ ಅಜ್ಜಿಯ ಹಾಡನ್ನು ಬಲ್ಲವಳಾಗಿಯೂ ಗುಡಿಸಲನ್ನು ನಿರಾಕರಿಸುವವಳಾಗಿಯೂ ಬೆಳೆಯುವಂತೆ ಮಾಡುವುದು ಶಿಕ್ಷಣದ ಕಾರ್ಯ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಅವರ ಕಂಠದಲ್ಲಿದ್ದ ಸಾವಿರಾರು ಹಾಡುಗಳನ್ನು ಕೃಷ್ಣಮೂರ್ತಿ ಹನೂರರು ಕೇಳಿ ಬರೆದುಕೊಂಡುದರಿಂದ ಅವು ನಾಡಿನ ಸೊತ್ತಾದವು. ಕೇಳುವ ಕಿವಿಯಿಲ್ಲದೆ ಹೋದ ಅಜ್ಜಿಯರು ಎಷ್ಟು ಮಂದಿಯೋ!

ಮಾಡಬೇಕಾದುದು ದೊಡ್ಡದೇನಲ್ಲ. ಶಾಲೆಗೆ ಸೇರಿದ ಅಥವಾ ಹಳೆಯ ವಿದ್ಯಾರ್ಥಿಯೊಬ್ಬರು ಬಿಟ್ಟುಕೊಟ್ಟ ಒಂದು ಎಕರೆ ಬೀಳು ಸಾಕು. ಮೊದಲ ವರ್ಷ ನೆಡುವುದೇ ಬೇಡ. ಬದುಗಳನ್ನು ಸರಿಪಡಿಸಿ, ಕಳ್ಳೆಯ ಬೇಲಿ ಹಾಕಿ, ತಾನಾಗಿ ಏನೇನು ಏಳುತ್ತದೆಂದು ಮಕ್ಕಳು ಬರೆದಿಡಲಿ. ಎರಡನೆಯ ವರ್ಷ ತೆರಪು ಕಂಡಲ್ಲಿ ಬಿತ್ತಬಹುದು. ಬೇವಿನ ಬೀಜವನ್ನು ಹಣ್ಣು ಉದುರಿದ ಕೆಲವೇ ವಾರಗಳೊಳಗೆ ಬಿತ್ತಬೇಕು, ಇಟ್ಟರೆ ಜೀವ ಹೋಗುತ್ತದೆ. ಕಕ್ಕೆಯ ಬೀಜದ ಸಿಪ್ಪೆ ಗಡುಸು, ಬಿಸಿನೀರಿನಲ್ಲಿ ನೆನೆಯಿಸದೆ ಬೇಗ ಮೊಳೆಯದು. ಇಂಥ ಪಾಠವನ್ನು ಹೇಳಲು ಹಟ್ಟಿಯ ಹಿರಿಯರನ್ನೇ ಕರೆಯಬೇಕು. ವಾರ್ಷಿಕೋತ್ಸವದಲ್ಲಿ ಕಂಬಳಿ ಹೊದಿಸಿ ಚಿತ್ರ ತೆಗೆಸಿಕೊಳ್ಳುವುದಕ್ಕಲ್ಲ; ತರಗತಿಯ ವೇಳಾಪಟ್ಟಿಯಲ್ಲಿ ಅವಧಿಯನ್ನು ಗೊತ್ತುಮಾಡಿ, ಇತರ ಉಪಾಧ್ಯಾಯರಿಗೆ ಸಲ್ಲುವಂತೆ ಸಂಭಾವನೆಯನ್ನು ಸಲ್ಲಿಸಿ, ‘ಮೇಷ್ಟ್ರೇ’ ಎಂದು ಕರೆಯುವುದಕ್ಕೆ. ಅವರು ಹೇಳಬಾರದೆಂದ ದೇವರ ಮಾತನ್ನು ಕೆದಕಿ ಕೇಳದಿರುವುದೂ ಆ ಗೌರವದ ಭಾಗವೇ.

ಒಂದು ದಪ್ಪ ಪುಸ್ತಕವನ್ನಿಟ್ಟು ಪ್ರತಿ ಗಿಡಕ್ಕೂ ಒಂದು ಪುಟವನ್ನು ಮೀಸಲಿಡಬೇಕು. ಹಟ್ಟಿಯ ಹೆಸರು, ಊರಿನ ಹೆಸರು, ಸಂಸ್ಕೃತದ ಹೆಸರು, ವಿಜ್ಞಾನದ ಹೆಸರು, ಹೂ ಬಿಡುವ ಮಳೆನಕ್ಷತ್ರ, ಆ ಗಿಡ ಬರುವ ಹಾಡು, ಹೇಳಿದವರ ಹೆಸರು, ಬರೆದ ಮಗುವಿನ ಹೆಸರು. ಹಟ್ಟಿಯ ಬಾಲಕ ಅಲ್ಲಿ ಮೊದಲ ಬಾರಿಗೆ ಉತ್ತರ ಹೇಳುವವನಾಗುತ್ತಾನೆ. ಪೇಟೆಯ ಬಾಲಕ ಕೇಳುವವನಾಗುತ್ತಾನೆ. ಅಮರಕೋಶ ಬಲ್ಲ ಪಂಡಿತರೂ ಆ ಹೊತ್ತು ಬಾಲಕನ ಹಿಂದೆ ನಡೆಯಲು ಸಂಕೋಚಪಡಬೇಕಾಗಿಲ್ಲ.

ದಾನಿಗಳಲ್ಲಿಯೂ ಒಂದು ಬಿನ್ನಹ ಸಲ್ಲುತ್ತದೆ. ಕೊಠಡಿ ಕಟ್ಟಿಸಿದವರ ಹೆಸರು ಬಾಗಿಲ ಮೇಲಿನ ಕಲ್ಲಿನಲ್ಲಿ ನಿಲ್ಲುತ್ತದೆ, ಅದು ನ್ಯಾಯವೇ. ಬೀಳು ನೆಲಕ್ಕೆ ಕೊಟ್ಟವರ ಹೆಸರಿಗೆ ಅಲ್ಲಿ ಗೋಡೆಯಿಲ್ಲ. ಅಲ್ಲದೆ ಐದು ವರ್ಷದವರೆಗೆ ತೋರಿಸಲು ಮುಳ್ಳು ಮತ್ತು ಹುಲ್ಲಿನ ಹೊರತು ಬೇರೇನೂ ಇರದು. ಕಾವಲುಗಾರನೊಬ್ಬನ ಸಂಬಳ, ಹಿರಿಯರಿಬ್ಬರ ಸಂಭಾವನೆ, ಬದುವಿನ ಕೆಲಸ ಇಷ್ಟೇ ಅದರ ಖರ್ಚು. ಆದರೆ ಅದನ್ನು ಪ್ರತಿವರ್ಷ ತಪ್ಪದೆ ಕೊಡಬೇಕು, ಒಮ್ಮೆ ಕೊಟ್ಟು ಮರೆಯುವಂತಿಲ್ಲ. ಬೆಂಗಳೂರಿನಲ್ಲಿ ನೆಲಸಿರುವ ಹಳೆಯ ವಿದ್ಯಾರ್ಥಿಗಳು ತಮ್ಮ ಬೀಳು ಹೊಲವನ್ನು ಮಾರುವ ಮುನ್ನ ಅದರ ಒಂದು ಮೂಲೆಯನ್ನಾದರೂ ಹತ್ತು ವರ್ಷದ ಮಟ್ಟಿಗೆ ಮಕ್ಕಳ ಕೈಗೆ ಕೊಟ್ಟು ನೋಡಬಹುದು. ಪಹಣಿಯಲ್ಲಿ ಆಗಲೂ ‘ಬೀಳು’ ಎಂದೇ ಇದ್ದೀತು. ಆ ಎರಡಕ್ಷರದ ಅಡಿಯಲ್ಲಿ ಎಷ್ಟು ಹೆಸರುಗಳು ಎದ್ದು ನಿಂತಿವೆಯೆಂಬುದನ್ನು ಓದಬಲ್ಲ ಮಕ್ಕಳು ಮಾತ್ರ ಶಾಲೆಯಲ್ಲಿರಬೇಕು.